ಬಿರುಮಳೆಯ ಹಾದಿಯಲ್ಲಿ ಮಹಾದೇವಿಯಕ್ಕ

ತೀರ್ಥ ಎಂಬ ಶಬ್ದಕ್ಕೆ ದಾಟುವ ತಾಣ ಎಂಬುದು ಮೂಲಾರ್ಥ. ಹೊಳೆಯಲ್ಲಿ ಆಳ ಕಡಿಮೆಯಾಗಿ, ಕಾಲೂರಿ ಆಚೆಯ ದಡ ಸೇರಲು ಅನುಕೂಲವಾದ ಕಡವನ್ನು ಪೂರ್ವಿಕರು ತೀರ್ಥವೆಂದು ಕರೆದರು. ಆದ್ದರಿಂದ ತೀರ್ಥಯಾತ್ರೆ ಎಂದರೆ ಊರಿಂದ ಊರಿಗೆ ಹೋಗಿ ಬರುವುದಷ್ಟೇ ಅಲ್ಲ. ಒಂದು ದಡವನ್ನು ಬಿಟ್ಟು ಇನ್ನೊಂದು ದಡಕ್ಕೆ ದಾಟುವುದು. ತಿಳಿನೀರಿನಲ್ಲಿ ಯಾರಾದರೂ ದಾಟಿಯಾರು. ಹೊಳೆ ಕೆಂಪಾಗಿ ತುಂಬಿ ಬಂದಾಗ, ಗಾಳಿ ಎದ್ದು ದಾರಿ ಕಾಣದಂತಾದಾಗ, ಯಾತ್ರಿಕನ ಹೃದಯದಲ್ಲಿ ಏನಿದೆಯೋ ಅದು ಹೊರಗೆ ಬೀಳುತ್ತದೆ. ಈ ವಿಚಾರವನ್ನು ಚಿಂತಿಸುವಾಗಲೆಲ್ಲ ನಮ್ಮ ಕಣ್ಣ ಮುಂದೆ ಬಂದು ನಿಲ್ಲುವವಳು ಉಡುತಡಿಯ ಮಹಾದೇವಿಯಕ್ಕ.

ಸದ್ಭಕ್ತರು ಇಲ್ಲಿ ಒಂದು ಪ್ರಶ್ನೆಯನ್ನು ಕೇಳಬಹುದು. ವೀರಶೈವನಿಗೆ ಗುರುವು ಕರುಣಿಸಿದ ಇಷ್ಟಲಿಂಗವೇ ಕರದಲ್ಲಿರುವಾಗ, ದೇಹವೇ ದೇವಾಲಯವಾಗಿರುವಾಗ, ದೂರದ ಬೆಟ್ಟಕ್ಕೆ ನಡೆದುಹೋಗುವ ಅಗತ್ಯವೇನು? ಪ್ರಶ್ನೆ ಯೋಗ್ಯವಾದದ್ದು. ಶರಣರು ಕೈಯ ಲಿಂಗವನ್ನು ಮರೆತು ಊರೂರು ಅಲೆಯುವುದನ್ನು ಒಪ್ಪಿದವರಲ್ಲ. ಆದರೂ ಅಕ್ಕ ಶ್ರೀಶೈಲಕ್ಕೆ ನಡೆದಳು. ಇಲ್ಲದ ದೇವರನ್ನು ಹುಡುಕಲು ಅವಳು ಹೋಗಲಿಲ್ಲ. ಇದ್ದ ದೇವರನ್ನು ಕರಸ್ಥಲದಲ್ಲಿ ಇಟ್ಟುಕೊಂಡೇ ಹೋದಳು. ಅರಸುವ ಯಾತ್ರೆ ಬೇರೆ, ಜೊತೆಗೂಡಿದ ಯಾತ್ರೆ ಬೇರೆ. ಈ ಭೇದ ತಿಳಿದರೆ ಅಕ್ಕನ ಜೀವನವೆಲ್ಲ ತಾನಾಗಿ ಅರ್ಥವಾಗುತ್ತದೆ.

ಅಕ್ಕ ಜನಿಸಿದ ಉಡುತಡಿ ಇಂದಿನ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿದೆ. ಅಲ್ಲಮಪ್ರಭುದೇವರ ಊರಾದ ಬಳ್ಳಿಗಾವಿಯೂ ಅದೇ ಸೀಮೆಯದು. ಕಾಲ 12ನೆಯ ಶತಮಾನ. ಶಿವಭಕ್ತರಾದ ತಾಯಿತಂದೆಗಳ ಮನೆಯಲ್ಲಿ ಹುಟ್ಟಿ, ಎಳವೆಯಲ್ಲಿಯೇ ಲಿಂಗದೀಕ್ಷೆ ಪಡೆದು, ಶ್ರೀಶೈಲದ ಚೆನ್ನಮಲ್ಲಿಕಾರ್ಜುನನೇ ತನ್ನ ಪತಿಯೆಂದು ಅವಳು ಮನದಲ್ಲಿ ನಿಶ್ಚಯಿಸಿಕೊಂಡಳು. ಶರಣಸತಿ ಲಿಂಗಪತಿ ಎಂಬ ಭಾವವನ್ನು ಅನೇಕರು ತತ್ವವಾಗಿ ಬಲ್ಲರು. ಅಕ್ಕ ಅದನ್ನು ಮನೆಯ ಸತ್ಯದಷ್ಟು ಸಹಜವಾಗಿ ನಂಬಿದಳು.

ಅವಳ ಚರಿತ್ರೆಯನ್ನು ಹಾಡಿದವರಲ್ಲಿ ಹರಿಹರ ಮಹಾಕವಿ ಮೊದಲಿಗ. ಅವನ ರಗಳೆಯ ಪ್ರಕಾರ ಆ ನಾಡಿನ ಅರಸ ಕೌಶಿಕನು ಪುರದ ಬೀದಿಯಲ್ಲಿ ಬರುವಾಗ ಮಹಾದೇವಿಯನ್ನು ಕಂಡು ಮೋಹಗೊಂಡನು. ಅರಸನ ಆಗ್ರಹಕ್ಕೆ ತಾಯಿತಂದೆಗಳು ನಡುಗಿದರು. ಅವರಿಗೆ ಕೇಡು ಬರಬಾರದೆಂದು ಅವಳು ತನ್ನ ನಿಬಂಧನೆಗಳನ್ನು ಮುಂದಿಟ್ಟು ಅರಮನೆಗೆ ಹೋದಳು. ತನ್ನ ಲಿಂಗಪೂಜೆಗೆ, ಜಂಗಮಸೇವೆಗೆ, ಗುರುಭಕ್ತಿಗೆ ಅಡ್ಡಿ ಬರಕೂಡದು ಎಂಬುದೇ ಅವುಗಳ ಸಾರ. ಅರಸನು ಮಾತು ಕೊಟ್ಟನು. ಕೊಟ್ಟ ಮಾತನ್ನು ಮುರಿದನು. ಮುಂದೆ ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ ಪ್ರಭುಲಿಂಗಲೀಲೆಯನ್ನು ರಚಿಸಿದ ಚಾಮರಸನು ವಿವಾಹವೇ ನಡೆಯಲಿಲ್ಲವೆಂದು ಹೇಳುತ್ತಾನೆ. ಈ ಭೇದವನ್ನು ಹಿಡಿದು ವಾದಿಸುವುದು ನಮ್ಮ ಉದ್ದೇಶವಲ್ಲ. ಎರಡು ಕಾವ್ಯಗಳೂ ಒಂದು ಸಂಗತಿಯನ್ನು ಒಪ್ಪುತ್ತವೆ. ಅಕ್ಕ ಅರಸನ ಸಂಪತ್ತನ್ನೂ, ಅವನು ಕೊಟ್ಟ ಉಡಿಗೆ ತೊಡಿಗೆಯನ್ನೂ ಅಲ್ಲಿಯೇ ಬಿಟ್ಟು, ತನ್ನ ಕೇಶರಾಶಿಯನ್ನೇ ಮೈಗೆ ಮರೆಮಾಡಿಕೊಂಡು ಹೊರಬಿದ್ದಳು. ಅವಳ ಕೈಯಲ್ಲಿ ಉಳಿದದ್ದು ಇಷ್ಟಲಿಂಗವೊಂದೇ.

ಇಲ್ಲಿಂದ ಆರಂಭವಾಯಿತು ಅವಳ ನಡಿಗೆ. ಹರಿಹರನು ಅವಳನ್ನು ಶ್ರೀಶೈಲದ ದಾರಿಗೇ ಕರೆದೊಯ್ಯುತ್ತಾನೆ. ಪ್ರಭುಲಿಂಗಲೀಲೆ ಮತ್ತು ಶೂನ್ಯಸಂಪಾದನೆಗಳು ಅವಳನ್ನು ಮೊದಲು ಕಲ್ಯಾಣಕ್ಕೆ, ಅಲ್ಲಿಂದ ಶ್ರೀಶೈಲಕ್ಕೆ ಕಳುಹಿಸುತ್ತವೆ. ನಮ್ಮ ಜನಮನದಲ್ಲಿ ನೆಲೆಯಾಗಿರುವುದು ಈ ಎರಡನೆಯ ದಾರಿಯೇ. ಉಡುತಡಿಯಿಂದ ಇಂದಿನ ಬಸವಕಲ್ಯಾಣಕ್ಕೆ ನೇರ ಗೆರೆ ಎಳೆದು ಅಳೆದರೂ 400 ಕಿ.ಮೀ. ಮೀರುತ್ತದೆ. ಅಲ್ಲಿಂದ ಶ್ರೀಶೈಲಕ್ಕೆ ಮತ್ತೆ 250 ಕಿ.ಮೀ.ಗೂ ಹೆಚ್ಚು. ಕಾಡು ಬಳಸಿ, ಹೊಳೆ ಬಳಸಿ ನಡೆಯುವವರಿಗೆ ಈ ಲೆಕ್ಕ ಇನ್ನೂ ಬೆಳೆಯುತ್ತದೆ. ದಿನಕ್ಕೆ ನಾಲ್ಕೈದು ಹರದಾರಿ ನಡೆದರೂ ತಿಂಗಳಿಗೆ ಕಡಿಮೆಯಿಲ್ಲದ ಪಯಣ. ದಾರಿಯಲ್ಲಿ ಕೃಷ್ಣೆಯನ್ನೂ ಭೀಮೆಯನ್ನೂ ದಾಟದೆ ಕಲ್ಯಾಣ ಸಿಕ್ಕುವುದಿಲ್ಲ. ಕೃಷ್ಣೆಯನ್ನು ಮತ್ತೆ ದಾಟದೆ ಮಲ್ಲಯ್ಯನ ಗುಡಿ ಸಿಕ್ಕುವುದಿಲ್ಲ. ಸೇತುವೆಗಳಿಲ್ಲದ ಆ ಕಾಲದಲ್ಲಿ ಹರಿಗೋಲೇ ಗತಿ. ಹೊಳೆ ಬಂದರೆ ಇಳಿಯುವ ತನಕ ದಡದಲ್ಲಿ ಕಾಯುವುದೇ ಗತಿ.

ನಮ್ಮ ರೈತಬಂಧುಗಳಿಗೆ ಮಳೆಯ ನಕ್ಷತ್ರಗಳನ್ನು ನಾವು ಹೇಳಿಕೊಡಬೇಕಾಗಿಲ್ಲ. ಈ ದಾರಿಯಲ್ಲಿ ಯಾವ ಕಾಲಕ್ಕೆ ಹೊರಟರೂ ಗಾಳಿಮಳೆ ಎದುರಾಗದೆ ಬಿಡುವುದಿಲ್ಲ. ಅಶ್ವಿನಿ, ಭರಣಿಗಳಲ್ಲಿ ಬಯಲುಸೀಮೆಯ ಮೇಲೆ ಸಂಜೆ ಹೊತ್ತಿಗೆ ಮೋಡ ಕಟ್ಟಿ, ಧೂಳು ಎದ್ದು, ಗುಡುಗು ಸಿಡಿಲಿನೊಡನೆ ಆಲಿಕಲ್ಲು ಸುರಿಯುತ್ತದೆ. ಆರಿದ್ರೆಯಿಂದ ಆಶ್ಲೇಷದವರೆಗೆ ಮಲೆನಾಡಿನ ಅಂಚಿನಲ್ಲಿ ಹಗಲು ರಾತ್ರಿ ಎನ್ನದೆ ಜಡಿಮಳೆ. ಹಸ್ತಾ, ಚಿತ್ತಾ, ಸ್ವಾತಿಯ ದಿನಗಳಲ್ಲಿ ಬಂಗಾಳ ಕೊಲ್ಲಿಯಿಂದ ಏಳುವ ಚಂಡಮಾರುತದ ಮೋಡಗಳು ನಲ್ಲಮಲೆಯ ಗುಡ್ಡಗಳನ್ನು ಮುತ್ತುತ್ತವೆ. ಆ ನಾಡಿನ ಮಳೆಯ ರೌದ್ರ ಎಂಥದೆಂಬುದನ್ನು 2009ರ ಹಸ್ತಾ ಮಳೆಯಲ್ಲಿ ನಾವೆಲ್ಲ ಕಂಡಿದ್ದೇವೆ. ಉತ್ತರ ಕರ್ನಾಟಕದ ಊರೂರುಗಳು ನೀರುಪಾಲಾಗಿ, ತುಂಗಭದ್ರೆ ಉಕ್ಕಿ ಮಂತ್ರಾಲಯವನ್ನು ಹೊಕ್ಕು, ಕರ್ನೂಲು ಪಟ್ಟಣ ಮುಳುಗಿದ್ದು ಆ ವರ್ಷದ ಅಕ್ಟೋಬರ್ ಮೊದಲ ದಿನಗಳಲ್ಲಿ.

ಎರೆಭೂಮಿಯಲ್ಲಿ ಮಳೆ ಬಿದ್ದ ಮೇಲೆ ನಡೆದವರಿಗೆ ಇನ್ನೊಂದು ಸಂಗತಿ ಗೊತ್ತು. ಹತ್ತು ಹೆಜ್ಜೆ ಇಡುವುದರೊಳಗೆ ಪಾದಕ್ಕೆ ಮಣ್ಣು ಮೆತ್ತಿ ಕಾಲು ಕಲ್ಲಿನಂತೆ ಭಾರವಾಗುತ್ತದೆ. ಕೆರೆದು ಹಾಕಿದರೆ ಮತ್ತೆ ಹತ್ತು ಹೆಜ್ಜೆಗೆ ಅಷ್ಟೇ ಮಣ್ಣು. ಮಲೆನಾಡಿನ ರೈತನಿಗೆ ಗೊರಬು ಇತ್ತು, ಬಯಲುನಾಡಿನ ಕುರಿಗಾರನಿಗೆ ಕಂಬಳಿಯ ಕೊಪ್ಪೆ ಇತ್ತು. ಅಕ್ಕನಿಗೆ ಏನಿತ್ತು? ಸಂಸಾರಿಗಳಾದ ನಮ್ಮ ತಾಯಂದಿರು ಈ ಪ್ರಶ್ನೆಯ ಬಳಿ ಕ್ಷಣಕಾಲ ನಿಲ್ಲಬೇಕು. ಅರಮನೆಯ ನೆಲಕ್ಕೆ ಒಗ್ಗಿದ ಎಳೆಯ ಪಾದಗಳು, ಮಳೆಗೆ ನೆನೆದು ಮೈಗಂಟಿದ ಕೂದಲು, ಹಿಂದೆ ಮುಂದೆ ಯಾರೂ ಇಲ್ಲದ ಹಾದಿ. ಅವಳ ಹೆಸರಿನಲ್ಲಿ ಉಳಿದು ಬಂದಿರುವ 400ಕ್ಕೂ ಮಿಕ್ಕಿದ ವಚನಗಳಲ್ಲಿ ಹಸಿವು, ಬಾಯಾರಿಕೆ, ಗಾಳಿ, ಚಳಿ, ನಿದ್ರೆಗಳು ಮತ್ತೆ ಮತ್ತೆ ಬರುವುದು ಆಕಸ್ಮಿಕವಲ್ಲ. ಅವುಗಳನ್ನು ಓದಿದವರಿಗೆ, ದಾರಿಯ ಕಷ್ಟವನ್ನು ಮೈಯಿಂದ ಬಲ್ಲವಳ ಮಾತು ಇದು ಎಂಬುದು ಕೂಡಲೇ ತಿಳಿಯುತ್ತದೆ.

ಹಾಗಾದರೆ ಬಿರುಗಾಳಿ ಅವಳಿಂದ ಏನನ್ನು ಕಿತ್ತುಕೊಂಡಿತು? ನಾವು ಈ ವಿಚಾರವನ್ನು ಬಹುಕಾಲ ಮನನ ಮಾಡಿದ್ದೇವೆ. ಗಾಳಿಗೆ ಹೆದರುವವನು ಹೊತ್ತವನು. ತಲೆಯ ಮೇಲೆ ಮೇವಿನ ಹೊರೆ ಇದ್ದವನಿಗೆ ಗಾಳಿ ಶತ್ರು. ಹೊರೆ ಇಳಿಸಿದವನಿಗೆ ಅದೇ ಗಾಳಿ ಬೆವರು ಆರಿಸುವ ಬಂಧು. ಉಡಿಗೆ ನೆನೆದೀತು ಎಂಬ ಚಿಂತೆ ಅವಳಿಗಿರಲಿಲ್ಲ, ಉಡಿಗೆಯನ್ನು ಅರಮನೆಯಲ್ಲಿ ಬಿಟ್ಟಿದ್ದಳು. ಒಡವೆ ಕಳೆದೀತು ಎಂಬ ಭಯವಿರಲಿಲ್ಲ. ಜನ ಏನೆಂದಾರು ಎಂಬ ಅಳುಕು ಎಲ್ಲಕ್ಕಿಂತ ಭಾರವಾದ ಹೊರೆ. ಅದನ್ನು ಹೊಸಿಲಲ್ಲೇ ಇಳಿಸಿ ಬಂದಿದ್ದಳು. ಕಿತ್ತುಕೊಳ್ಳಲು ಗಾಳಿಗೆ ಉಳಿದದ್ದು ಪ್ರಾಣವೊಂದೇ. ಆ ಪ್ರಾಣವೂ ಲಿಂಗಕ್ಕೆ ಸಂದುಹೋಗಿತ್ತು. ಸಂದ ವಸ್ತುವನ್ನು ಕಸಿಯಲು ಬಿರುಗಾಳಿಗೆ ಅಧಿಕಾರವೆಲ್ಲಿಯದು?

ಆದರೆ ಇದರಿಂದ ದೇಹವನ್ನು ಹಾಳುಗೆಡವುವುದೇ ಭಕ್ತಿ ಎಂದು ಯಾರೂ ಭಾವಿಸಬಾರದು. ವೀರಶೈವ ಧರ್ಮದಲ್ಲಿ ಈ ಕಾಯ ನಿಂದ್ಯವಲ್ಲ. ಲಿಂಗವು ನೆಲೆಗೊಂಡ ಪೀಠವದು, ಪ್ರಸಾದದಿಂದ ಶುದ್ಧವಾದ ಕಾಯ. ಅಕ್ಕನೂ ಹಸಿದಾಗ ಊರನ್ನು ಹೊಕ್ಕು ಭಿಕ್ಷೆ ಬೇಡಿದವಳೇ. ಕೆರೆ ಬಾವಿಗಳ ನೀರು ಕುಡಿದವಳೇ. ಇರುಳಾದಾಗ ಪಾಳುಗುಡಿಯ ಸೂರನ್ನು ಆಶ್ರಯಿಸಿದವಳೇ. ದೇಹವನ್ನು ಅವಳು ದ್ವೇಷಿಸಲಿಲ್ಲ. ಅದಕ್ಕೆ ದಾಸಿಯೂ ಆಗಲಿಲ್ಲ. ಈ ಎರಡರ ನಡುವಿನ ಹಾದಿ ಅತಿ ಸೂಕ್ಷ್ಮವಾದದ್ದು. ಅಕ್ಕ ನಡೆದದ್ದು ಆ ಹಾದಿಯಲ್ಲಿ.

ಮಳೆಗಾಳಿಗಿಂತ ದೊಡ್ಡದಾದ ಇನ್ನೊಂದು ಬಿರುಗಾಳಿ ಅವಳ ದಾರಿಯಲ್ಲಿತ್ತು. ಅದು ಮನುಷ್ಯರ ನೋಟದ ಬಿರುಗಾಳಿ. ಒಂಟಿ ಹೆಣ್ಣು, ಬತ್ತಲೆ ಮೈ, ಹರೆಯದ ವಯಸ್ಸು. ಆಕಾಶದ ಮಳೆ ಒಂದು ಜಾವ ಸುರಿದು ನಿಲ್ಲುತ್ತದೆ, ಜನರ ನೋಟ ನಿಲ್ಲುವುದಿಲ್ಲ. ಅವಳನ್ನು ಹಿಂಬಾಲಿಸಿದವರು, ಹಂಗಿಸಿದವರು, ಕಾಡಿದವರು ಇದ್ದರೆಂಬುದಕ್ಕೆ ಅವಳ ವಚನಗಳೇ ಸಾಕ್ಷಿ. ಕಲ್ಯಾಣಕ್ಕೆ ಬಂದ ಮೇಲೂ ಅದು ತಪ್ಪಲಿಲ್ಲ. ಕಿನ್ನರಿ ಬೊಮ್ಮಯ್ಯನು ಅವಳ ವೈರಾಗ್ಯವನ್ನು ಒರೆಗೆ ಹಚ್ಚಿದನೆಂದು ಶೂನ್ಯಸಂಪಾದನೆ ತಿಳಿಸುತ್ತದೆ. ಬಳಿಕ ಅನುಭವಮಂಟಪದಲ್ಲಿ, ಬಸವಣ್ಣನವರೂ ಚೆನ್ನಬಸವಣ್ಣನವರೂ ಮೊದಲಾದ ಶರಣರ ಸಮ್ಮುಖದಲ್ಲಿ, ಅಲ್ಲಮಪ್ರಭುದೇವರು ಅವಳನ್ನು ಪ್ರಶ್ನಿಸಿದರು. ಪತಿ ಯಾರೆಂದು ಕೇಳಿದರು. ಉಡಿಗೆಯನ್ನು ಬಿಟ್ಟವಳು ಕೂದಲಿನಿಂದ ಮೈ ಮರೆಸಿಕೊಳ್ಳುವುದೇಕೆ, ಒಳಗೆ ಇನ್ನೂ ನಾಚಿಕೆ ಉಳಿದಿದೆಯೇ ಎಂದು ಚುಚ್ಚಿ ಕೇಳಿದರು.

ಅಕ್ಕ ಕೋಪಿಸಿಕೊಳ್ಳಲಿಲ್ಲ, ಕುಗ್ಗಲೂ ಇಲ್ಲ. ತನ್ನ ಸಲುವಾಗಿ ಈ ಮರೆಯಲ್ಲ, ನೋಡುವವರ ಮನಸ್ಸು ಕದಡಬಾರದೆಂಬ ಕಾರಣಕ್ಕೆ ಈ ಮರೆ ಎಂಬ ಅರ್ಥದ ಉತ್ತರವನ್ನು ಕೊಟ್ಟಳು. ಇದರಲ್ಲಿರುವ ಕಾರುಣ್ಯವನ್ನು ಗಮನಿಸಬೇಕು. ತನ್ನನ್ನು ನೋಯಿಸಿದ ನೋಟಗಳಿಗೇ ಅವಳು ತಾಯಿಯಾದಳು. ಪ್ರಭುದೇವರ ಪ್ರಶ್ನೆಗಳು ಕಠೋರವಾಗಿದ್ದರೂ ಅವುಗಳ ಹಿಂದೆ ಗುರುವಿನ ಹೃದಯವಿತ್ತು. ಚಿನ್ನವನ್ನು ಒಲೆಗೆ ಹಾಕುವ ಅಕ್ಕಸಾಲಿಗನಿಗೆ ಚಿನ್ನದ ಮೇಲೆ ದ್ವೇಷವಿರುತ್ತದೆಯೇ? ವಯಸ್ಸಿನಲ್ಲಿ ಕಿರಿಯಳಾದ ಅವಳನ್ನು ಕಲ್ಯಾಣದ ಹಿರಿಯ ಶರಣರೆಲ್ಲ ಅಕ್ಕ ಎಂದು ಕರೆದರು. ಅಂದಿನಿಂದ ಇಂದಿನವರೆಗೆ ಕನ್ನಡನಾಡಿಗೆ ಅವಳು ಅಕ್ಕನೇ.

ಅನುಭವಮಂಟಪದಲ್ಲಿ ಅಷ್ಟು ಮನ್ನಣೆ ದೊರೆತ ಮೇಲೆ ಅವಳು ಅಲ್ಲಿಯೇ ನೆಲೆಸಬಹುದಾಗಿತ್ತು. ಸೂರು ಸಿಕ್ಕಿತ್ತು, ಸಜ್ಜನರ ಸಂಗ ಸಿಕ್ಕಿತ್ತು. ಎಷ್ಟೋ ಯಾತ್ರಿಕರು ಮಳೆಗೆ ಹೆದರಿ ನಿಲ್ಲುವುದಿಲ್ಲ, ಬೆಚ್ಚಗಿನ ಜಾಗ ಸಿಕ್ಕಿತೆಂದು ನಿಲ್ಲುತ್ತಾರೆ. ಅಕ್ಕ ಶರಣರ ಅಪ್ಪಣೆ ಪಡೆದು ಮತ್ತೆ ಹಾದಿ ಹಿಡಿದಳು.

ಶ್ರೀಶೈಲವು 12 ಜ್ಯೋತಿರ್ಲಿಂಗಗಳಲ್ಲಿ ಒಂದು. ನಮ್ಮ ಪಂಚಪೀಠಗಳಲ್ಲಿಯೂ ಒಂದು. ಪೂರ್ವಕ್ಕೆ ತ್ರಿಪುರಾಂತಕ, ದಕ್ಷಿಣಕ್ಕೆ ಸಿದ್ಧವಟ, ಪಶ್ಚಿಮಕ್ಕೆ ಅಲಂಪುರ, ಉತ್ತರಕ್ಕೆ ಉಮಾಮಹೇಶ್ವರ ಎಂದು ಆ ಗಿರಿಗೆ ನಾಲ್ಕು ಮಹಾದ್ವಾರಗಳನ್ನು ಹೇಳುತ್ತಾರೆ. ಯಾವ ದ್ವಾರದಿಂದ ಹೋದರೂ ನಲ್ಲಮಲೆಯ ದಟ್ಟ ಅರಣ್ಯ ತಪ್ಪದು. ಹುಲಿ ಕರಡಿಗಳ ಸಂಚಾರ, ಬಿದಿರುಮೆಳೆ, ಕಡಿದಾದ ಕೊಳ್ಳಗಳು. ಮಳೆಗಾಲದಲ್ಲಿ ಒಂದೊಂದು ಕೊಳ್ಳವೂ ಒಂದು ಹೊಳೆ. ಅಂಥ ಕಾಡಿನಲ್ಲಿ ಗಿಡಮರಗಳೊಡನೆ, ಹಕ್ಕಿ ದುಂಬಿಗಳೊಡನೆ ಮಾತನಾಡುತ್ತ, ತನ್ನೊಡೆಯನ ಸುಳಿವನ್ನು ಅವುಗಳ ಬಳಿ ವಿಚಾರಿಸುತ್ತ ಅಕ್ಕ ನಡೆದಳು. ಊರಿನಲ್ಲಿ ಮನುಷ್ಯರ ಕಣ್ಣಿಗೆ ವಿಚಿತ್ರವಾಗಿ ಕಂಡವಳು ಕಾಡಿನಲ್ಲಿ ಯಾರಿಗೂ ವಿಚಿತ್ರಳಾಗಲಿಲ್ಲ. ಅಲ್ಲಿ ಎಲ್ಲ ಜೀವಿಗಳೂ ಅವಳ ಹಾಗೆ ನೆನೆದವು, ಅವಳ ಹಾಗೆ ಒಣಗಿದವು.

ಗುರಿ ಮುಟ್ಟಿದೊಡನೆ ಪರೀಕ್ಷೆ ಮುಗಿಯಿತೇ? ಹರಿಹರನ ರಗಳೆಯಲ್ಲಿ ತಾಯಿತಂದೆಗಳು ಅವಳನ್ನು ಹುಡುಕಿಕೊಂಡು ಶ್ರೀಗಿರಿಗೆ ಬಂದು ಮರುಗುತ್ತಾರೆ. ಕೌಶಿಕನೂ ಭಕ್ತನ ವೇಷ ಧರಿಸಿ ಬಂದು ಅಂಗಲಾಚುತ್ತಾನೆ. ಬಿಟ್ಟು ಬಂದ ಸಂಸಾರವು ಬೆಟ್ಟದ ತುದಿಯವರೆಗೂ ಹತ್ತಿ ಬರುತ್ತದೆ ಎಂಬ ಮರ್ಮವನ್ನು ಕವಿ ಇಲ್ಲಿ ತೋರಿಸಿದ್ದಾನೆ. ತಾಯಿತಂದೆಗಳನ್ನು ಅಕ್ಕ ಸಂತೈಸಿ ಕಳುಹಿದಳು, ಅರಸನಿಗೆ ಮಣಿಯಲಿಲ್ಲ. ಪ್ರೀತಿಗೆ ಸಾಂತ್ವನ, ಮೋಹಕ್ಕೆ ನಿರಾಕರಣೆ. ಇವೆರಡನ್ನೂ ಬೇರೆ ಬೇರೆಯಾಗಿ ಅರಿಯುವುದೇ ವಿವೇಕ.

ಕೊನೆಗೆ ಅವಳು ಸೇರಿದ್ದು ಕದಳಿಯನ್ನು. ಕೃಷ್ಣೆಯ ದಂಡೆಯಲ್ಲಿ ಅಕ್ಕಮಹಾದೇವಿಯ ಗುಹೆಯನ್ನೂ ಕದಳಿವನವನ್ನೂ ಇಂದಿಗೂ ಭಕ್ತರು ದರ್ಶಿಸುತ್ತಾರೆ. ಕದಳಿ ಎಂದರೆ ಬಾಳೆ. ಬಾಳೆಯ ತೋಟ ಮಾಡಿದ ರೈತನಿಗೆ ಗೊತ್ತು, ಬಿರುಗಾಳಿ ಬೀಸಿದರೆ ಮೊದಲು ಉರುಳುವುದು ಅದೇ. ಸಿಪ್ಪೆಯ ಮೇಲೆ ಸಿಪ್ಪೆ ಸುಲಿಯುತ್ತ ಹೋದರೆ ಒಳಗೆ ತಿರುಳೆಂಬುದಿಲ್ಲ. ಆದ್ದರಿಂದ ಅನುಭಾವಿಗಳು ನಿಸ್ಸಾರವಾದ ಈ ಭವಕ್ಕೆ ಕದಳಿಯನ್ನು ಸಂಕೇತವಾಗಿ ಹೇಳಿದರು. ಆ ಕದಳಿಯ ನಡುವೆಯೇ ಅಕ್ಕ ತನ್ನ ಚೆನ್ನಮಲ್ಲಿಕಾರ್ಜುನನಲ್ಲಿ ಬಯಲಾದಳು. ಬೀಳುವ ವಸ್ತುಗಳ ನಡುವೆ ಬೀಳದುದನ್ನು ಅವಳು ಕಂಡಳು.

ಇಂದಿಗೂ ಯುಗಾದಿ ಸಮೀಪಿಸಿತೆಂದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರ, ರಾಯಚೂರು ಸೀಮೆಗಳಿಂದ ಸಾವಿರಾರು ಭಕ್ತರು ಮಲ್ಲಯ್ಯನ ನಾಮಸ್ಮರಣೆ ಮಾಡುತ್ತ, ಕಂಬಿ ಹೊತ್ತು ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುತ್ತಾರೆ. ಮರಗಾಲು ಕಟ್ಟಿಕೊಂಡು ನಡೆಯುವ ತರುಣರೂ ಇದ್ದಾರೆ. ಆತ್ಮಕೂರಿನ ಆಚೆ ಕಾಡು ಹೊಕ್ಕು, ಭೀಮನ ಕೊಳ್ಳ ಇಳಿದು ಹತ್ತಿ, ಕೈಲಾಸದ್ವಾರದಲ್ಲಿ ಹಣೆ ಹಚ್ಚಿ ಮುಂದೆ ಸಾಗುತ್ತಾರೆ. ನಮ್ಮ ಮಠದ ಮುಂದೆ ಹಾದುಹೋಗುವ ಇಂಥ ಯಾತ್ರಿಕರಿಗೆ ನಾವು ಎರಡು ಮಾತು ಹೇಳುವುದುಂಟು. ಗುಡುಗು ಸಿಡಿಲಿನ ಹೊತ್ತಿನಲ್ಲಿ ಮರದ ಕೆಳಗೆ ನಿಲ್ಲಬೇಡಿ. ಹಳ್ಳ ಬಂದಾಗ ಹಟಕ್ಕೆ ಬಿದ್ದು ಇಳಿಯಬೇಡಿ. ಒಂದು ದಿನ ತಡವಾದರೆ ಮಲ್ಲಯ್ಯ ಬಾಗಿಲು ಹಾಕಿಕೊಳ್ಳುವುದಿಲ್ಲ. ಎಷ್ಟು ದಿನದಲ್ಲಿ ಮುಟ್ಟಿದೆ, ಯಾರಿಗಿಂತ ಮುಂಚೆ ಮುಟ್ಟಿದೆ ಎಂಬ ಲೆಕ್ಕ ಹುಟ್ಟಿದರೆ ಅದೂ ಒಂದು ಹೊರೆ. ಆ ಹೊರೆಯನ್ನು ಹೊತ್ತು ಬೆಟ್ಟ ಹತ್ತಿದವನು ಹೊತ್ತೇ ಇಳಿಯುತ್ತಾನೆ.

ಮಂಡಿನೋವಿನಿಂದ, ವಯಸ್ಸಿನಿಂದ ಮನೆಯಲ್ಲಿಯೇ ಉಳಿದ ಹಿರಿಯರು ತಮಗೆ ಯಾತ್ರೆಯ ಪುಣ್ಯವಿಲ್ಲವೆಂದು ಕೊರಗುವುದನ್ನು ನಾವು ಕೇಳುತ್ತೇವೆ. ಅವರು ಹಾಗೆ ಕೊರಗಬಾರದು. ಅಕ್ಕ ಕಲ್ಯಾಣವನ್ನು ಮುಟ್ಟಿದ್ದು ತನ್ನ ಕಾಲಿನಿಂದ ಮಾತ್ರವೇ ಅಲ್ಲ. ಯಾವುದೋ ಊರಿನ ಯಾವುದೋ ತಾಯಿ ಅವಳ ಬೊಗಸೆಗೆ ಅಂಬಲಿಯನ್ನೋ ರೊಟ್ಟಿಯನ್ನೋ ನೀಡಿರಬೇಕು. ಯಾವನೋ ಅಂಬಿಗ ಅವಳಿಂದ ಏನನ್ನೂ ಕೇಳದೆ ಹರಿಗೋಲಿನಲ್ಲಿ ದಾಟಿಸಿರಬೇಕು. ಭಿಕ್ಷೆ ಬೇಡಿದವಳು ಉಳಿದಳೆಂದರೆ ನೀಡಿದವರು ಇದ್ದರೆಂದೇ ಅರ್ಥ. ಅವರ ಹೆಸರನ್ನು ಯಾವ ಪುರಾಣವೂ ಬರೆದಿಡಲಿಲ್ಲ. ಆದರೆ ಅವರು ನೀಡಿರದಿದ್ದರೆ ಅಕ್ಕನ ಚರಿತ್ರೆ ನಡುದಾರಿಯಲ್ಲಿಯೇ ನಿಲ್ಲುತ್ತಿತ್ತು.

ಮಳೆಯ ರಾತ್ರಿ ನಿಮ್ಮ ಬಾಗಿಲಿಗೆ ಒಬ್ಬಳು ಒಂಟಿ ಹೆಣ್ಣುಮಗಳು ಬಂದು ನಿಂತರೆ ಏನು ಮಾಡುವಿರಿ? ಯಾವ ಊರು, ಯಾವ ಕುಲ, ಗಂಡನನ್ನು ಬಿಟ್ಟು ಬಂದವಳೇ ಎಂದು ಹೊಸಿಲಲ್ಲಿ ನಿಲ್ಲಿಸಿ ವಿಚಾರಣೆ ಮಾಡುವಿರಾ? ಅಥವಾ ಮೊದಲು ಒಣಬಟ್ಟೆ ಕೊಟ್ಟು, ಬಿಸಿ ಅನ್ನ ಬಡಿಸಿ, ಬೆಳಗಾದ ಮೇಲೆ ಮಾತನಾಡುವಿರಾ? ಅಕ್ಕನ ಚಿತ್ರವನ್ನು ಗೋಡೆಗೆ ತೂಗುಹಾಕಿ ಪೂಜಿಸುವ ಮನೆಯಲ್ಲಿಯೇ ಅಕ್ಕನಂಥ ಮಗಳಿಗೆ ಜಾಗವಿಲ್ಲವೆಂದಾದರೆ ಆ ಪೂಜೆ ಯಾರಿಗೆ ಸಲ್ಲುತ್ತದೆ? ಅನುಭವಮಂಟಪದ ಶರಣರು ಪ್ರಶ್ನೆಯನ್ನೇನೋ ಕೇಳಿದರು. ಆದರೆ ಒಳಗೆ ಕರೆದು, ಸಮನಾಗಿ ಕೂರಿಸಿ ಕೇಳಿದರು. ಬಾಗಿಲಾಚೆ ನಿಲ್ಲಿಸಿ ಕೇಳಲಿಲ್ಲ.

ನಡೆಯಬಲ್ಲವರು ಹೊರೆ ಇಳಿಸಿ ನಡೆಯಲಿ. ನಡೆಯಲಾರದವರು ಬಾಗಿಲು ತೆರೆದು, ದೀಪ ಹಚ್ಚಿಟ್ಟು ಕಾಯಲಿ. ಇಬ್ಬರಿಗೂ ದೊರೆಯುವ ಶ್ರೀಶೈಲ ಒಂದೇ. ಬದುಕಿನ ಬಿರುಗಾಳಿಯಲ್ಲಿ ಸಿಲುಕಿದ ಎಲ್ಲ ಸದ್ಭಕ್ತರಿಗೆ ಮಹಾದೇವಿಯಕ್ಕನ ನಿಷ್ಠೆ ದಾರಿದೀಪವಾಗಲಿ, ಚೆನ್ನಮಲ್ಲಿಕಾರ್ಜುನನ ಕೃಪೆ ಸರ್ವರ ಮೇಲಿರಲಿ ಎಂದು ಹೃತ್ಪೂರ್ವಕವಾಗಿ ಹಾರೈಸುತ್ತೇವೆ.